ಬರಿ ನೆಲಕ್ಕೆ ನೀರು

ಆಯಿ ಆ ದಿನ ನನ್ನನ್ನು ನೀರು ಕೇಳಿದಳೋ ಇಲ್ಲವೋ, ಖಾತ್ರಿಯಾಗಿ ಹೇಳಲಾರೆ. ಕೇಳಿದ್ದಳು ಅನ್ನುತ್ತಾಳೆ ನನ್ನ ಹೆಂಡತಿ. ಕೇಳಿರಲಿಲ್ಲ ಎಂದು ನಾನು ಆರು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಆರೋ ಏಳೋ, ಅದರಲ್ಲೂ ಗೊಂದಲವಿದೆ. ವಳಸಂಗ ಊರಿನ ಹೊರಗೆ ನಾವು ಈ ಮನೆ ಕಟ್ಟಿಸಿದ ವರ್ಷ ಎಂದು ಇಟ್ಟುಕೊಳ್ಳಿ. ಹೋದ ತಿಂಗಳು ಆಯಿ ತೀರಿಕೊಂಡಳು. ಆಕೆ ಇದ್ದಾಗ ಒಂದು ಸಲವೂ ಕೇಳಬೇಕು ಅನ್ನಿಸದ ಪ್ರಶ್ನೆ ಈಗ ದಿನಕ್ಕೆ ಹತ್ತು ಸಲ ಏಳುತ್ತದೆ.

ವಿಷಯ ಸಣ್ಣದು. ಮನೆಯ ಹಿಂದೆ ಎರಡು ಗುಂಟೆ ಜಾಗ. ಅದರ ತುಂಬ ಕರಕಿ, ಪುಸ್ತಕದಲ್ಲಿ ಗರಿಕೆ ಅನ್ನುತ್ತಾರಲ್ಲ ಆ ಹುಲ್ಲು. ಅದನ್ನು ತೆಗೆಸಿ ಕಾಯಿಪಲ್ಲೆ ಹಚ್ಚಬೇಕು ಎಂಬುದು ನನ್ನ ಹುಕಿ. ಕರಕಿ ತೆಗೆಯುವ ಕೂಲಿಗೆ ಊರಲ್ಲೆಲ್ಲ ಹೆಸರಾಗಿದ್ದ ಆಯಿ ಬಂದು ತೆಗೆದಳು. ಕರಕಿ ತಿರುಗಿ ಬಂತು. ನಾನು ನಾಲ್ಕು ಜನರ ಮುಂದೆ ಒಂದು ಮಾತು ಆಡಿದೆ. ಆಮೇಲೆ ಆಕೆಯನ್ನು ಆ ಕೆಲಸಕ್ಕೆ ಕರೆಯುವವರು ಕಡಿಮೆಯಾದರು, ನಂತರ ಯಾರೂ ಕರೆಯಲಿಲ್ಲ. ನನ್ನ ಮಾತು ನಿಜವಿದ್ದರೆ ಸರಿ. ಸುಳ್ಳಿದ್ದರೆ, ಒಬ್ಬ ಹೆಣ್ಣುಮಗಳು ಜೀವಮಾನವಿಡೀ ಗಳಿಸಿದ ಹೆಸರನ್ನು ನಾನು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಕೆಡಿಸಿದ್ದೇನೆ.

ಊರಲ್ಲಿ ಆಕೆಯನ್ನು ಕರಕಿ ಆಯಿ ಅನ್ನುತ್ತಿದ್ದರು. ಹೆಸರು ಬೇರೆ ಇತ್ತು. ಆ ಹೆಸರಿನಿಂದ ಕರೆಯುತ್ತಿದ್ದವರು ಆಕೆಗಿಂತ ಮೊದಲೇ ಹೋಗಿದ್ದರು. ತವರುಮನೆ ಮಾಡಗ್ಯಾಳ, ಕುರಿ ಸಾಕುವ ಮನೆತನ. ಗಿಡ್ಡ ಆಳು, ಅಗಲ ಅಂಗೈ. ಎಡಗೈ ಹೆಬ್ಬೆರಳಿನ ಉಗುರನ್ನು ಬೇಕೆಂದೇ ಬೆಳೆಸಿದ್ದಳು. ಮಣ್ಣಿನಲ್ಲಿ ಕರಕಿಯ ಗಣ್ಣು ಸಿಕ್ಕರೆ ಆ ಉಗುರಿನಿಂದ ಎತ್ತಿ ತೆಗೆಯುತ್ತಿದ್ದಳು. ಬೆಳಿಗ್ಗೆ ಹಲ್ಲಿಗೆ ಹುರಿದ ತಂಬಾಕಿನ ಮಿಶ್ರಿ ತಿಕ್ಕುತ್ತ ನಮ್ಮ ಗೇಟಿನ ಹತ್ತಿರ ಬರುವುದು, ಉಗುಳಿ ಬಾಯಿ ತೊಳೆದುಕೊಂಡೇ ಒಳಗೆ ಕಾಲಿಡುವುದು. ಇದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಒಂದು ಸಲ ನೋಡಿದ್ದನ್ನು ದಿನಾ ನೋಡಿದ್ದೆ ಎಂದು ನನ್ನ ನೆನಪು ಹಿಗ್ಗಿಸಿಕೊಂಡಿದೆಯೋ ಏನೋ.

ನಾನು ಕೊಲ್ಲಾಪುರದಲ್ಲಿ ತತ್ವಶಾಸ್ತ್ರ ಓದಿ ಬಂದವನು. ಜತ್ತದ ಕಾಲೇಜೊಂದರಲ್ಲಿ ಹನ್ನೊಂದನೆಯ, ಹನ್ನೆರಡನೆಯ ವರ್ಗಕ್ಕೆ ತರ್ಕಶಾಸ್ತ್ರ ಕಲಿಸುತ್ತೇನೆ, ಮರಾಠಿಯಲ್ಲಿ. ಯಾರಾದರೂ ಏನಾದರೂ ಹೇಳಿದರೆ 'ಅದು ನಿಮಗೆ ಹೇಗೆ ಗೊತ್ತು?' ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಆಯಿಗೂ ಕೇಳುತ್ತಿದ್ದೆ. ಆಕೆ ಉತ್ತರ ಕೊಡುತ್ತಿರಲಿಲ್ಲ, ಕರಕಿ ತೋರಿಸುತ್ತಿದ್ದಳು.

ಆಕೆಯನ್ನು ಕರೆಯುವ ಮೊದಲು ನಾನು ಟ್ರ್ಯಾಕ್ಟರ್ ತರಿಸಿ ರೋಟರ್ ಹೊಡೆಸಿದ್ದೆ. ಒಂದೇ ತಾಸಿನಲ್ಲಿ ನೆಲ ಹಿಟ್ಟಿನಂತಾಗಿತ್ತು. ಹುಲ್ಲು ಕಣ್ಣಿಗೆ ಕಾಣುತ್ತಿರಲಿಲ್ಲ. ಹದಿನೈದು ದಿನದಲ್ಲಿ ಮೊದಲಿಗಿಂತ ದಟ್ಟವಾಗಿ ಎದ್ದಿತು. ಆಗ ಹೆಂಡತಿ ಆಯಿಗೆ ಹೇಳಿಕಳಿಸಿದಳು. ಆಯಿ ಬಂದು ಬದುವಿನ ಮೇಲೆ ನಿಂತು ನೋಡಿದಳು.

"ಇದನ್ನ ಯಾರ ಬಿತ್ತಿದ್ರಿ?"

"ಬಿತ್ತಿಲ್ಲ ಆಯಿ. ಟ್ರ್ಯಾಕ್ಟರ್ ಹೊಡಿಸೀವಿ," ಅಂದೆ.

"ಅದನ್ನ ಕೇಳಾಕತ್ತೇನ್ರಿ ನಾನೂ."

ಬಗ್ಗಿ ಬೆರಳುದ್ದದ ಒಂದು ತುಂಡು ಎತ್ತಿದಳು. ಅದರಲ್ಲಿ ಮೂರು ಗಣ್ಣು. ಪ್ರತಿ ಗಣ್ಣಿನಲ್ಲೂ ಹಸಿರು ಮೊಳಕೆ. "ಇಲ್ಲಿ ಒಬ್ಬಾಕಿ ತಾಯಿ ಇದ್ಲು. ನೀವು ಆಕೀನ್ನ ಕೊಚ್ಚಿ ನೂರ ಮಂದೀನ ಮಾಡೀರಿ. ಕರಕಿ ಕಡದಾಂವ ಕರಕಿ ಬಿತ್ತಿದಂಗ, ಮಾಸ್ತರ್ರ."

ಈ ಕೊನೆಯ ವಾಕ್ಯದ ಬಗ್ಗೆಯೂ ನನಗೆ ಅನುಮಾನ. ಇಂಥದೇ ಅರ್ಥದ ಮಾತನ್ನು ಆಮೇಲೆ ಎಲ್ಲೋ ಓದಿದ್ದೇನೆ. ಅಲ್ಲಿ ಓದಿದ್ದನ್ನು ಆಕೆಯ ಬಾಯಿಗೆ ಹಾಕಿದೆನೋ, ಆಕೆ ಅಂದದ್ದನ್ನೇ ಅಲ್ಲಿ ಓದಿದಂತೆ ಭಾವಿಸಿದೆನೋ, ಈಗ ಬಿಡಿಸಲು ಬರುವುದಿಲ್ಲ.

ಕೆಲಸ ಶುರುವಾದದ್ದು ಯುಗಾದಿ ಕಳೆದ ಮೇಲೆ. ಬಿಸಿಲು ಹೆಚ್ಚಿದ್ದಷ್ಟು ಒಳ್ಳೆಯದು ಅನ್ನುತ್ತಿದ್ದಳು. ಮೊದಲ ದಿನ ಮೊದಲ ಹಿಡಿ ಕರಕಿಯನ್ನು ತೊಳೆದು ನಮ್ಮ ಗೋಡೆಯ ಮಾಡದಲ್ಲಿದ್ದ ಗಣಪನ ಮುಂದಿಟ್ಟಳು.

"ಮದ್ಲ ಅವಂದ ಅವಗ ಕೊಟ್ಟ ಬಿಡಬೇಕ್ರಿ. ಆಮ್ಯಾಲ ತಗದ್ರ ತಕರಾರ ಇರೂದಿಲ್ಲ."

ನಾನು ಸುಮ್ಮನಿರಬೇಕಲ್ಲ. "ಅವಗ ಸೇರೂ ಹುಲ್ಲನ್ನ ಬೇರ ಸಮೇತ ಕಿತ್ತ ಒಗೀತಿ. ಅಂವ ಸಿಟ್ಟಾಗೂದಿಲ್ಲೇನ ಆಯಿ?"

"ಅವನ ಹೊಟ್ಟಿ ನೋಡ್ರಿ. ಅದು ಬರೇ ಕರಕಿ ತಿಂದ ಬೆಳದ ಹೊಟ್ಟಿ ಏನು? ಅವಗೂ ಬದನಿಕಾಯಿ ಬೇಕಾಗಿರತೈತಿ."

ಹೆಂಡತಿ ಅಡಿಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕಳು.

ಆಕೆಯ ರೀತಿ ಹೀಗಿತ್ತು. ಮೊದಲು ಪಿಕಾಸಿಯಿಂದ ಮೊಣಕಾಲು ಆಳಕ್ಕೆ ಅಗೆದು ಹೆಂಟೆ ಎಬ್ಬಿಸುವುದು. ಆಮೇಲೆ ಪಿಕಾಸಿ ಬದಿಗಿಟ್ಟು ಕುಕ್ಕರಗಾಲಲ್ಲಿ ಕೂತು, ಹೆಂಟೆ ಒಡೆದು, ಬೇರಿನ ಜಾಡು ಹಿಡಿದು ಕೈಯಲ್ಲೇ ಹೋಗುವುದು. ನೆಲದೊಳಗೆ ಕರಕಿ ಬಿಳಿ ದಾರದಂತೆ ಹರಿದಿರುತ್ತದೆ. ಹೆಣ್ಣುಮಕ್ಕಳ ಜಡೆ ಬಿಚ್ಚುವ ಹಾಗೆ ಆ ದಾರವನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಎಲ್ಲಾದರೂ ಹರಿದರೆ ಕೈ ನಿಲ್ಲುತ್ತಿತ್ತು. ಅದರ ಇನ್ನೊಂದು ತುದಿ ಸಿಗುವವರೆಗೂ ಮುಂದೆ ಹೋಗುತ್ತಿರಲಿಲ್ಲ. ತೆಗೆದ ಕರಕಿಯನ್ನು ನೆಲದ ಮೇಲೆ ಇಡುತ್ತಲೂ ಇರಲಿಲ್ಲ. ಬಚ್ಚಲಿನ ಮೇಲಿನ ಪತ್ರಾದ ಮೇಲೆ ಎಸೆಯುತ್ತಿದ್ದಳು. ಕಾದ ತಗಡಿನ ಮೇಲೆ ಎಂಟು ದಿನ ಒಣಗಿದ ಮೇಲೆ ಅದು ಆಕೆಯ ಕುರಿಗಳಿಗೆ.

"ನೆಲದ ಮ್ಯಾಲ ಇಟ್ರ ಏನಾಗತೈತಿ?" ಎಂದು ಕೇಳಿದ್ದೆ.

"ಕಳ್ಳನ್ನ ಹಿಡದು ಅಂಗಳದಾಗ ಕುಂದ್ರಿಸಿದ್ರ ಏನಾಗತೈತ್ರಿ?"

ಒಂದು ದಿನ ನಾನೂ ಕೈ ಹಾಕಿದೆ. ಆ ವಾರ ಕಾಲೇಜಿನಲ್ಲಿ ಯಾವುದೋ ಜಗಳ. ಯಾವುದು ಎಂಬುದು ಮರೆತುಹೋಗಿದೆ, ಸಿಟ್ಟು ಮಾತ್ರ ನೆನಪಿದೆ. ಒಂದು ಬುಡ ಹಿಡಿದು ಜೋರಾಗಿ ಜಗ್ಗಿದೆ. ಮೇಲಿನ ಹುಲ್ಲು ಕೈಗೆ ಬಂತು, ಬೇರು ಒಳಗೇ ಉಳಿಯಿತು. ಆಯಿ ನನ್ನ ಕೈಯಲ್ಲಿದ್ದ ಹುಲ್ಲನ್ನು ನೋಡಿ, "ಸಾವಕಾಶ ಜಗ್ಗರಿ. ಹುಲ್ಲಿಗಿ ನಿಮ್ಮ ಸಿಟ್ಟಿನ ದರಕಾರ ಇಲ್ಲ," ಅಂದಳು. ನಾನು ಬಿಟ್ಟುಹೋದ ಬೇರನ್ನು ಹುಡುಕಿ ತೆಗೆಯಲು ಆಕೆಗೆ ಅರ್ಧ ತಾಸು ಹಿಡಿಯಿತು. ಮರುದಿನದಿಂದ ನಾನು ಕುರ್ಚಿ ಹಾಕಿಕೊಂಡು ದೂರ ಕೂತೆ.

ಇಪ್ಪತ್ತು ದಿನಕ್ಕೆ ಇಡೀ ಜಾಗ ಸ್ವಚ್ಛವಾಯಿತು. ಕಪ್ಪು ಮಣ್ಣು ಮಗ್ಗುಲಾಗಿ ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಕೊನೆಗೆ ಆಯಿ ಇನ್ನೊಂದು ಕೆಲಸ ಮಾಡಿದಳು. ಹಳೆಯ ಮನೆ ಕೆಡವಿದಾಗ ಉಳಿದ ಹಾಸುಗಲ್ಲುಗಳು ಮೂಲೆಯಲ್ಲಿ ಬಿದ್ದಿದ್ದವು. ಬಚ್ಚಲ ಗೋಡೆಯಿಂದ ಎರಡು ಮಾರು ಬಿಟ್ಟು, ಆ ಕಲ್ಲುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಹೂಳಿದಳು. ಮೇಲೆ ನಾಲ್ಕು ಬೆರಳಷ್ಟೇ ಕಾಣುತ್ತಿತ್ತು.

"ಇದೇನ ಆಯಿ, ಶೋ ಮಾಡಾಕತ್ತೀಯೇನ?"

"ಇರಲಿ ಬಿಡ್ರಿ, ನಿಮಗೇನ ಭಾರ ಆಗತೈತಿ?"

ಇಲ್ಲಿಯವರೆಗೆ ಹೆಂಡತಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಇಲ್ಲಿಂದ ಮುಂದೆ ಎರಡು ಕತೆ.

ನನ್ನ ಕತೆಯಲ್ಲಿ ಆಯಿ ಎದ್ದು ನಿಂತು, ಸೆರಗಿನ ಮಣ್ಣು ಝಾಡಿಸಿಕೊಂಡು, "ಮುಗೀತ್ರಿ ಮಾಸ್ತರ್ರ," ಅನ್ನುತ್ತಾಳೆ. ಪಿಕಾಸಿ ಹೆಗಲಿಗೆ ಏರಿಸಿಕೊಂಡು ಹೋಗುತ್ತಾಳೆ. ಈ ಚಿತ್ರ ನನ್ನ ಕಣ್ಣ ಮುಂದೆ ಇದೆ. ಸೆರಗಿನ ಬಣ್ಣ ಹಸಿರು.

ಹೆಂಡತಿಯ ಕತೆ ಬೇರೆ. ಅದು ವೈಶಾಖ, ನಮ್ಮ ಬೋರು ದಿನಕ್ಕೆ ಅರ್ಧ ತಾಸು ಕೆಮ್ಮಿ ನಿಲ್ಲುತ್ತಿತ್ತು. ರಸ್ತೆಯಲ್ಲಿ ಟ್ಯಾಂಕರ್ ಬಂದು, ಹೆಣ್ಣುಮಕ್ಕಳು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಆಗ ಆಯಿ ನನ್ನ ಕುರ್ಚಿಯ ಹತ್ತಿರ ಬಂದು ಹೇಳಿದಳಂತೆ:

"ಇನ್ನಾ ಅರ್ಧಾ ಕೆಲಸ ಐತ್ರಿ. ಈಗ ಎರಡ ಸರ್ತಿ ನೀರ ಬಿಡ್ರಿ."

"ಎದಕ್ಕ? ಏನ ಹಚ್ಚೀವಿ ಅಂತ?"

"ಏನೂ ಹಚ್ಚಬ್ಯಾಡ್ರಿ. ಬರಿ ನೆಲಕ್ಕ ಬಿಡ್ರಿ. ಒಳಗ ಎಷ್ಟ ಹುಡಿಕಿದ್ರೂ ನಾಕ ಎಳಿ ಉಳದಿರತಾವ. ತಂಪ ಹತ್ತಿದ ಕೂಡ್ಲೆ ತಾವ ಮ್ಯಾಲ ಬರ್ತಾವ. ಬಂದದ್ದನ್ನ ತಗೀತೇನಿ. ಮತ್ತೊಮ್ಮೆ ಬಿಡ್ರಿ, ಮತ್ತ ತಗೀತೇನಿ. ಆಮ್ಯಾಲ ನೀವ ಬೇಕಾದ್ದ ಬಿತ್ತರಿ."

ಮಳೆ ಬಂದಾಗ ತಾನಾಗೇ ಏಳುತ್ತದಲ್ಲ ಎಂದು ನಾನು ವಾದಿಸಿದೆನಂತೆ. ಮಳೆ ಬಿದ್ದರೆ ತನ್ನ ಹೊಲದ ಬಿತ್ತನೆಯಲ್ಲಿ ತನಗೆ ಒಂದು ದಿನವೂ ಬಿಡುವಿರುವುದಿಲ್ಲ, ಅದಕ್ಕೇ ಈಗ ಕೇಳುತ್ತಿದ್ದೇನೆ ಅಂದಳಂತೆ. ಆಗ ನಾನು ಟ್ಯಾಂಕರಿನ ಸಾಲಿಗೆ ಕೇಳುವ ಹಾಗೆ ಅಂದೆನಂತೆ: "ಮಂದಿಗಿ ಕುಡ್ಯಾಕ ನೀರಿಲ್ಲ, ಕರಕಿಗಿ ನೀರ ಹಾಕಿ ಸಾಕಬೇಕೇನ ಆಯಿ?"

"ನೀವು ನಕ್ರಿ. ಕೊಡಾ ಹಿಡದು ನಿಂತಾಕೆರೆಲ್ಲಾ ನಕ್ರು," ಅನ್ನುತ್ತಾಳೆ ಹೆಂಡತಿ. "ಆಯಿ ಸೆರಗ ಝಾಡಿಸಿಕೊಂಡು ಹೋದ್ಲು."

"ಸೆರಗಿನ ಬಣ್ಣ?"

"ಅದ್ಯಾರಿಗಿ ನೆನಪ ಇರತೈತ್ರಿ!"

ಎರಡು ಕತೆಯಲ್ಲೂ ಸೆರಗು ಝಾಡಿಸುವುದು ಮಾತ್ರ ಒಂದೇ. ನನ್ನ ಕತೆಯಲ್ಲಿ ಬಣ್ಣವಿದೆ, ಅವಳ ಕತೆಯಲ್ಲಿ ಮಾತಿದೆ. ಬಣ್ಣ ನೆನಪಿರುವವನ ಸಾಕ್ಷಿ ಗಟ್ಟಿ ಎಂದು ನಾನು ಬಹಳ ದಿನ ನಂಬಿದ್ದೆ. ಈಗ ಅನ್ನಿಸುತ್ತದೆ, ಕೇಳಲು ಮನಸ್ಸಿಲ್ಲದವನು ಬಣ್ಣ ನೋಡುತ್ತ ಕೂತಿರಬಹುದು.

ಮುಂದಿನದರಲ್ಲಿ ಅನುಮಾನವಿಲ್ಲ. ಮೊದಲ ಮಳೆಗೆ ನಾನು ಮೆಂತೆ, ಬೆಂಡೆ, ಚವಳಿ ಬಿತ್ತಿದೆ. ಬದನೆಯ ಸಸಿ ನೆಟ್ಟೆ. ಮೂರು ವಾರಕ್ಕೆ ಮೆಂತೆಯ ನಡುವೆ ಸೂಜಿಯಂತೆ ಕರಕಿ ಎದ್ದಿತು. ನಾಗರ ಪಂಚಮಿಗೆ ಮೆಂತೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಬಚ್ಚಲ ಗೋಡೆಗೆ ಹತ್ತಿದ ಆ ಎರಡು ಮಾರು ಪಟ್ಟಿಯಲ್ಲಿ ಮಾತ್ರ ಹೆಂಡತಿಯ ಕೊತ್ತಂಬರಿ ಚೆನ್ನಾಗಿ ಬಂತು. ಅವಳ ಕೈಗುಣ ಎಂದುಕೊಂಡೆವು.

ಆ ದಿನಗಳಲ್ಲೇ ನಾನು ಹಾಲಿನ ಡೇರಿಯಲ್ಲಿ ಆ ಮಾತು ಆಡಿದ್ದು. ಚಹಾ ಕುಡಿಯುತ್ತ ನಿಂತಿದ್ದವರಲ್ಲಿ ಯಾರೋ ಕಾಯಿಪಲ್ಲೆ ಹೇಗಿದೆ ಎಂದು ಕೇಳಿದರು. ನಾನಂದೆ: "ಕರಕಿ ಆಯಿ ಕೈ ಭಾಳ ಚಲೋ ಐತಿ. ಆಕಿ ತಗದಲ್ಲೆ ಕರಕಿ ಮದಲಿಗಿಂತಾ ಛಂದ ಬರತೈತಿ." ಎಲ್ಲರೂ ನಕ್ಕರು. ಅಲ್ಲಿ ದಾಳಿಂಬೆ ತೋಟದ ಮಾಲಕ ಒಬ್ಬರಿದ್ದರು; ಆ ದೀಪಾವಳಿಯ ಮುಂದೆ ಗಿಡದ ಸಾಲುಗಳಲ್ಲಿ ಕರಕಿ ತೆಗೆಯಲು ಅವರು ಆಯಿಯನ್ನು ಕರೆಯುವವರಿದ್ದರು. ಕರೆಯಲಿಲ್ಲ, ಔಷಧಿ ಹೊಡೆಸಿದರು.

ನನ್ನ ಮಾತಿನಿಂದಲೇ ಕರೆಯಲಿಲ್ಲ ಎಂದು ಹೇಳಲು ಬರುವುದಿಲ್ಲ. ಹುಲ್ಲು ಸಾಯಿಸುವ ಔಷಧಿ ಆಗ ಎಲ್ಲರ ತೋಟಕ್ಕೂ ಬರುತ್ತಿತ್ತು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸಂಬಂಧ ಕಟ್ಟಬಾರದು ಎಂದು ಪ್ರತಿ ವರ್ಷ ನಾನೇ ಹುಡುಗರಿಗೆ ಕಲಿಸುತ್ತೇನೆ. ಆದರೆ ಕಾಗೆಯೇ ನಾನಾದಾಗ ಆ ಪಾಠ ಅಷ್ಟು ಸಲೀಸಾಗಿ ಗಂಟಲಿನಿಂದ ಇಳಿಯುವುದಿಲ್ಲ.

ಆಯಿ ಆಮೇಲೆ ಒಂದು ಸಲ ಬಂದಿದ್ದಳು. ಒಳಗೆ ಬರಲಿಲ್ಲ. ಗೇಟಿನ ಹತ್ತಿರವೇ ನಿಂತು ಹಿತ್ತಲ ಕಡೆ ಕತ್ತು ಚಾಚಿ ನೋಡಿದಳು. ಡೇರಿಯ ಮಾತು ಆಕೆಗೆ ಮುಟ್ಟಿರಲೇಬೇಕು. ನಮ್ಮ ಊರಲ್ಲಿ ಹಾಲಿಗಿಂತ ಮೊದಲು ಮಾತು ಮನೆ ಮುಟ್ಟುತ್ತದೆ. ಬೈಯುತ್ತಾಳೆ ಎಂದು ನಾನು ಸಜ್ಜಾಗಿ ನಿಂತೆ. ಆಕೆ ಕೇಳಿದ್ದು ಇಷ್ಟೇ:

"ನಿಮ್ಮ ಬೋರಿಗಿ ನೀರ ಬಂದುವೇನ್ರಿ?"

"ಇಲ್ಲ ಆಯಿ. ಮಳಿ ಎಲ್ಲಿ ಆಗೇತಿ ಅಷ್ಟು?"

"ಬಂದ್ರ ಹೇಳಿಕಳಸ್ರಿ."

ಮನೆಗೆ ಕುಡಿಯುವ ನೀರು ಬೇಕೇನೋ ಎಂದುಕೊಂಡು "ಆತು" ಅಂದೆ. ಎರಡು ವರ್ಷ ಬಿಟ್ಟು ಒಳ್ಳೆಯ ಮಳೆಯಾಗಿ ಬೋರು ತುಂಬಿತು. ಹೇಳಿಕಳಿಸಲಿಲ್ಲ. ಮರೆತೆ ಎಂದು ಬರೆಯಬಹುದು. ಮರೆತೆನೋ, ಮರೆಯುವುದು ಹಗುರವಾಗಿತ್ತೋ.

ಹೋದ ತಿಂಗಳು ಪರೀಕ್ಷೆಯ ಕೆಲಸ ಮುಗಿಸಿ ಸಾಂಗ್ಲಿಯಿಂದ ಬಂದಾಗ ಹೆಂಡತಿ ಸುದ್ದಿ ಹೇಳಿದಳು. ಮಣ್ಣಾಗಿ ನಾಲ್ಕು ದಿನವಾಗಿತ್ತು. ಇಬ್ಬರೂ ಮಾತಾಡಿಸಲು ಹೋದೆವು. ಆಯಿಯ ಸೊಸೆ ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ಬರ್ರಿ ಮಾಸ್ತರ್ರ, ಕುಂದ್ರಿ. ಅತ್ತಿ ನಿಮ್ಮನ್ನ ಭಾಳ ನೆನಸ್ತಿದ್ಲು."

ನಾನು ಚಾಪೆಯ ತುದಿಗೆ ಕೂತೆ. "ಏನಂತಿದ್ಲು?"

"ಏನಿಲ್ರಿ. ಬ್ಯಾಸಗಿ ಬಂತಂದ್ರ ಶುರು. 'ಮಾಸ್ತರ್ರ ಜಾಗಾ ಅರ್ಧಾಕ ನಿಂತೈತಿ, ಅವರ ಬೋರಿಗಿ ನೀರ ಬಂದ ಕೂಡ್ಲೆ ಕರೀತಾರ' ಅಂತ. 'ಈ ವಯಸ್ಸಿನಾಗ ಎಲ್ಲಿಗಿ ಹೋಗ್ತಿ ಸುಮ್ಕಿರು' ಅಂದ್ರ ನನಗ ಬೈತಿದ್ಲು. ಪಿಕಾಸಿ ಕಾವ ಸೈತ ಹೊಸಾದು ಹಾಕಿಸಿಟ್ಟಿದ್ಲು."

ಬಾಗಿಲ ಹಿಂದೆ ಪಿಕಾಸಿ ಇತ್ತು. ಹಿಡಿಯಲು ಬಿಳಿಯ ಹೊಸ ಕಟ್ಟಿಗೆಯ ಕಾವು, ಕೈ ತಾಗಿದ ಗುರುತಿಲ್ಲ.

ಹೊರಬಂದವನು ನೆಟ್ಟಗೆ ಡೇರಿಗೆ ಹೋದೆ. ಅಲ್ಲಿ ಹಾಲು ಅಳೆಯುವವನು ಅಂದಿನವನೇ. "ಕರಕಿ ಆಯಿ ಬಗ್ಗೆ ನಾನೊಂದು ಮಾತ ಅಂದಿದ್ದೆ, ನೆನಪೈತೇನೋ?" ಎಂದು ಕೇಳಿದೆ.

"ನೀವೇನ ಅಂದಿದ್ರಿ ಸರ್? ನನಗ ನೆನಪಿಲ್ರಿ. ಕಡೀಕ ಕಡೀಕ ಆಕಿ ಕೈ ಕೆಟ್ಟಿತ್ತ ನೋಡ್ರಿ. ಆಕಿ ತಗದಲ್ಲೆ ಮತ್ತ ಹುಟ್ಟತಿತ್ತಂತ. ಅದಕ್ಕ ಯಾರೂ ಕರೀಲಿಲ್ಲ."

"ಯಾರ ಹೇಳಿದ್ರೋ ನಿನಗ ಇದನ್ನ?"

"ಯಾರ ಹೇಳಬೇಕ್ರಿ? ಊರಿಗೇ ಗೊತ್ತೈತಿ."

ನನ್ನ ಮಾತನ್ನು ಎಲ್ಲರೂ ಮರೆತಿದ್ದರು. ಅದು ಯಾರ ಮಾತೂ ಆಗಿರದೆ, ಊರಿನ ತಿಳುವಳಿಕೆ ಆಗಿಬಿಟ್ಟಿತ್ತು. ಆಡಿದವನು ಸಿಕ್ಕರೆ ಮಾತನ್ನು ಹಿಂದಕ್ಕೆ ಪಡೆಯಬಹುದು. ಊರಿಗೇ ಗೊತ್ತಿರುವುದನ್ನು ಯಾರು ಹಿಂದಕ್ಕೆ ಪಡೆಯಬೇಕು?

ಆ ಸಂಜೆ ಹೆಂಡತಿ ಕೊತ್ತಂಬರಿ ಕೀಳುತ್ತ ಇನ್ನೊಂದು ಸಂಗತಿ ಹೇಳಿದಳು. ಆಯಿ ಮೊದಲು ಅಗೆದದ್ದು ಬಚ್ಚಲ ಗೋಡೆಯ ಆ ಪಟ್ಟಿಯನ್ನೇ. ನಾನು ಪರೀಕ್ಷೆಯ ಪೇಪರು ತಪಾಸಲು ಹೋದ ದಿನಗಳಲ್ಲಿ ಆಕೆ ಬಚ್ಚಲ ನೀರನ್ನು ಬಕೀಟಿನಲ್ಲಿ ಹಿಡಿದು ಅಲ್ಲಿ ಹಾಕುತ್ತಿದ್ದಳು. ಎದ್ದ ಕರಕಿಯನ್ನು ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. ಆಮೇಲೆಯೇ ಕಲ್ಲು ನಿಲ್ಲಿಸಿದ್ದು.

"ಇದನ್ನ ಆಗ ಯಾಕ ಹೇಳಲಿಲ್ಲ?"

"ಹೇಳಿದ್ದೆ. ನೀವು ಕೇಳಿರಾಕಿಲ್ಲ."

ಹೇಳಿದ್ದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಹೆಂಡತಿಯ ನೆನಪೂ ನೆನಪೇ. ಆಯಿ ಸತ್ತ ಮೇಲೆ ಅದು ಮೆತ್ತಗಾಗಿ ಹೊಸದೇನನ್ನೋ ಸೇರಿಸಿಕೊಂಡಿರಬಹುದು. ಸಾಬೂನಿನ ನೀರಿಗೇ ಅಲ್ಲಿ ಕರಕಿ ಸತ್ತಿರಬಹುದಲ್ಲ, ಎಂದೆ. ಅವಳು ನನ್ನನ್ನು ಕರೆದುಕೊಂಡು ಹೋಗಿ ಗೋಡೆಯ ಆಚೆ ಮೋರಿ ತೋರಿಸಿದಳು. ಅದೇ ಸಾಬೂನಿನ ನೀರು ಕುಡಿದು ಕರಕಿ ಅಲ್ಲಿ ಗೇಣುದ್ದ ಸೊಕ್ಕಿ ಬೆಳೆದಿತ್ತು.

ಮೊನ್ನೆ ರವಿವಾರ ಹೋಗಿ ಆಯಿಯ ಸೊಸೆಯಿಂದ ಆ ಪಿಕಾಸಿ ಕೇಳಿ ತಂದೆ. ಕಲ್ಲಿನ ಎರಡೂ ಮಗ್ಗುಲು ಅಗೆದೆ. ಕಲ್ಲು ಮೊಣಕಾಲು ಆಳಕ್ಕೆ ಇಳಿದಿದೆ. ನಾನು ನೀರು ಕೊಡದೆ ಬಿತ್ತಿದ ಕಡೆ ಕರಕಿಯ ಬೇರು ಕಲ್ಲಿನವರೆಗೆ ಬಂದು, ದಾಟಲಾರದೆ, ಕಲ್ಲಿನ ಮೈಗೆ ಚಾಪೆ ಹೆಣೆದಂತೆ ಒತ್ತಿಕೊಂಡು ನಿಂತಿತ್ತು. ಆಯಿ ಬಚ್ಚಲ ನೀರು ಹಾಕಿದ ಕಡೆ ಮೂರು ಜಾಗದಲ್ಲಿ, ಕಲ್ಲು ಇಳಿದಷ್ಟೇ ಆಳಕ್ಕೆ ಅಗೆದೆ. ಹೆಂಟೆ ಒಡೆದು, ಕುಕ್ಕರಗಾಲಲ್ಲಿ ಕೂತು, ಕೈಯಿಂದ ಹುಡುಕಿದೆ. ಕರಕಿಯ ಒಂದು ಎಳೆಯೂ ಇರಲಿಲ್ಲ.